ಹನ್ನೆರಡು ಹಾಡಿನ ತಟ್ಟೆ ಮತ್ತು ಮಾವನ ಬೆರಳು

ನನ್ನ ಸೋದರಮಾವನ ಬಲಗೈ ತೋರುಬೆರಳಿಗೆ ಸಂಗೀತ ಚೆನ್ನಾಗಿ ಗೊತ್ತಿತ್ತು. ಬೆರಳು ಬಿಟ್ಟು ಉಳಿದ ಮಾವನಿಗೆ ಏನೇನೂ ಗೊತ್ತಿರಲಿಲ್ಲ. ನಂಬಿಕೆ ಬಾರದಿದ್ದರೆ ಅರುವತ್ತರ ದಶಕದಲ್ಲಿ ಜಾಲ್ಸೂರಿನಲ್ಲಿ ಬಸ್ಸಿಗೆ ಕಾದವರನ್ನು ಕೇಳಿ.

ಅಲ್ಲಿ ಕಾಸರಗೋಡಿನ ದಾರಿ ಕವಲೊಡೆಯುವಲ್ಲಿ ಮಾವನ ಚಾ ಹೋಟೆಲು. ಎದುರಿಗೆ ನಾಲ್ಕು ಬೆಂಚು, ಗಲ್ಲಾದ ಪಕ್ಕದಲ್ಲಿ ಕೀಲಿ ಕೊಡುವ ಗ್ರಾಮಫೋನು, ಹಿಂದಿನ ಅಡುಗೆಕೋಣೆಯಲ್ಲಿ ಅತ್ತೆ. ಅತ್ತೆ ಗಿರಾಕಿಗಳ ಎದುರು ಬಂದವಳೇ ಅಲ್ಲ. ಗೋಡೆಯ ಕಿಂಡಿಯಿಂದ ಅವಳ ಕೈ ಬರುತ್ತಿತ್ತು, ಕೈಯಲ್ಲಿ ಬಿಸಿ ಗೋಳಿಬಜೆ ಬರುತ್ತಿತ್ತು, ಅಷ್ಟೆ. ಸುಳ್ಯದ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನಾನು ದಿನಾ ಸಂಜೆ ಬಸ್ಸಿಳಿದು ಅಲ್ಲಿ ಚಾ ಕುಡಿದೇ ಮನೆಗೆ ಹೋಗುವುದು.

ಒಂದು ದಿನ ಮಾವ ಮಂಗಳೂರಿನಿಂದ ಊಟದ ಹರಿವಾಣದಷ್ಟು ದೊಡ್ಡ ರೆಕಾರ್ಡು ತಂದ. ಅಲ್ಲಿಯವರೆಗೆ ನಾವು ಕಂಡದ್ದು ಬದಿಗೊಂದೇ ಹಾಡಿನ ಸಣ್ಣ ತಟ್ಟೆಗಳನ್ನು.

"ಆರಿಸಿ ತೆಗೆದ ಹನ್ನೆರಡು ಹಾಡು ಉಂಟು. ಹಾಳು ಹಾಡು ಒಂದೂ ಇಲ್ಲ" ಎಂದ.

"ಆರಿಸಿದ್ದು ಯಾರು?" ಎಂದೆ.

"ತಿಳಿದವರು. ನಿನ್ನನ್ನು ಕೇಳ್ಬೇಕಿತ್ತಾ?"

ಗಾಯಕ ವಿರಹದ ಹಾಡುಗಳಿಗೆ ದೇಶಕ್ಕೇ ಹೆಸರಾದವನು. ಗ್ರಾಮಫೋನಿನ ಉಕ್ಕಿನ ಮುಳ್ಳು ಹೊಸ ತಟ್ಟೆಯನ್ನು ಉತ್ತುಬಿಡುತ್ತದೆ ಎಂದು ಅಂಗಡಿಯವನು ಹೆದರಿಸಿದ್ದರಿಂದ ಮಾವ ಲಿಂಬೆಗಿಡದ ಮುಳ್ಳು ಸಿಕ್ಕಿಸಿ, ಕೀಲಿ ಕೊಟ್ಟು, ಕೈಕಟ್ಟಿ ನಿಂತ. ಇಲಿಮರಿಯೊಂದು ಗಡಿಬಿಡಿಯಲ್ಲಿ ಹಿಂದಿ ಮಾತಾಡಿತು. ಹೊಸ ತಟ್ಟೆ ನಿಧಾನ ತಿರುಗಬೇಕಾದದ್ದು. ನಮ್ಮ ಹಳೆ ಪೆಟ್ಟಿಗೆಗೆ ಓಡುವುದು ಮಾತ್ರ ಗೊತ್ತು.

"ಎಂತ ಮಾರಾಯ್ರೆ, ಇದು ಗಾಯಕನ ಮೊಮ್ಮಗ ಹಾಡುದಾ?" ಎಂದು ಬಸ್ಸಿನ ಡ್ರೈವರ್ ಕೇಳಿದ. ಬೆಂಚುಗಳೆಲ್ಲ ನಕ್ಕವು.

ಮಾವ ನಗಲಿಲ್ಲ. ತೋರುಬೆರಳನ್ನು ತಟ್ಟೆಯ ಅಂಚಿಗೆ ಒತ್ತಿದ. ಇಲಿಮರಿ ಹುಡುಗನಾಯಿತು, ಹುಡುಗ ಗಂಡಸಾದ, ಗಂಡಸಿಗೆ ವಿರಹ ಬಂತು. ಅಂದಿನಿಂದ ಅದೇ ಮಾವನ ಉದ್ಯೋಗ. ಒಂದು ಬದಿಯ ಆರು ಹಾಡು ಮುಗಿಯುವವರೆಗೆ ಏಳುವ ಹಾಗಿಲ್ಲ, ಚಾ ಬೇಕೆಂದು ಒಳಗೆ ಕೂಗುವುದು ಬಿಟ್ಟರೆ ಮಾತಾಡುವ ಹಾಗಿಲ್ಲ. ಮಾವ ಸೀನಿದರೆ ಗಾಯಕ ಕಿರುಚುತ್ತಿದ್ದ, ತೂಕಡಿಸಿದರೆ ಕೋಣನ ಹಾಗೆ ಮುಲುಗುತ್ತಿದ್ದ. ಸಿಟ್ಟು ಬಂದರಂತೂ ಬೆರಳು ತಾನಾಗಿ ಬಿಗಿಯುತ್ತಿತ್ತು. "ಇವತ್ತು ಒಳಗೆ ಜಗಳ ಉಂಟು, ಹಾಡು ಭಾರ ಆಗಿದೆ" ಎಂದು ಡ್ರೈವರ್ ಚಾ ಲೋಟ ಹಿಡಿದು ನನ್ನ ಕಿವಿಯಲ್ಲಿ ಹೇಳುತ್ತಿದ್ದ. ಅವನ ಅಂದಾಜು ತಪ್ಪಿದ್ದು ಕಡಿಮೆ.

ಸಮ ವೇಗದಲ್ಲಿ ಹಿಡಿಯುವ ಬೆರಳು ಇಡೀ ತಾಲೂಕಿನಲ್ಲಿ ತನ್ನದೊಂದೇ ಎಂದು ಮಾವ ನಂಬಿದ್ದ. ನಾನೊಮ್ಮೆ ಪ್ರಯತ್ನಿಸಿದಾಗ ಗಾಯಕನಿಗೆ ಬಿಕ್ಕಳಿಕೆ ಬಂತು. "ಮೇಷ್ಟ್ರುಗಳಿಗೆ ಬೆತ್ತ ಹಿಡಿದು ಹಿಡಿದು ಕೈ ಕೆಟ್ಟಿರ್ತದೆ" ಎಂದು ಮಾವ ನನ್ನನ್ನು ಎಬ್ಬಿಸಿದ.

ಒಂದು ಮಳೆಗಾಲದಲ್ಲಿ ಕುದಿಯುವ ಚಾ ಮಗುಚಿ ಆ ಕೈಯೇ ಸುಟ್ಟಿತು. ಪಂಡಿತರು ಮದ್ದು ಹಚ್ಚಿ, ಐದೂ ಬೆರಳು ಸೇರಿಸಿ ಬಟ್ಟೆ ಸುತ್ತಿದರು. ಎಡಗೈ ಬೆರಳು ಮಾವನ ಮಾತು ಕೇಳಲಿಲ್ಲ. ವಾರವಾದರೂ ಹಾಡಿಲ್ಲ. ಮಾವ ಗಲ್ಲಾದಲ್ಲಿ ಗೋಡೆ ನೋಡುತ್ತ ಕೂತಿರುತ್ತಿದ್ದ. ಯಾರೂ ಅವನನ್ನು ತಮಾಷೆ ಮಾಡಲಿಲ್ಲ, ಡ್ರೈವರ್ ಕೂಡ.

ಎಂಟನೆಯ ಸಂಜೆ ಅಡುಗೆಕೋಣೆಯ ಬಾಗಿಲು ತೆರೆಯಿತು. ಅತ್ತೆ ಸೆರಗಿಗೆ ಕೈ ಒರಸುತ್ತ ನಾಲ್ಕು ಬೆಂಚಿನ ಗಿರಾಕಿಗಳನ್ನು ದಾಟಿ ಬಂದಳು. ಕೀಲಿ ಕೊಟ್ಟು, ಮುಳ್ಳಿಟ್ಟು, ಬೆರಳೂರಿದಳು. ಮೊದಲ ಅಕ್ಷರದಿಂದಲೇ ಗಾಯಕ ತನ್ನ ಸ್ವಂತ ಗಂಟಲಲ್ಲಿ ಹಾಡಿದ. ಮಾವನ ಬೆರಳಿಗೂ ಅಷ್ಟು ಸಮ ಬರುತ್ತಿರಲಿಲ್ಲ.

"ನೀನು ಇದು ಕಲಿತದ್ದು ಯಾವಾಗ?" ಎಂದ ಮಾವ.

"ನೀವು ಮಧ್ಯಾಹ್ನ ಮನೆಗೆ ಹೋಗಿ ಮಲಗುದಿಲ್ಲವಾ? ಆಗ."

"ದಿನಾ?"

"ಎಲ್ಲ ಕೇಳುದಿಲ್ಲ. ಎರಡನೆಯ ಬದಿಯ ನಾಲ್ಕನೆಯದು ಮಾತ್ರ. ಅದು ಬರುವಾಗ ನೀವು ಯಾವಾಗಲೂ ಚಾ ಬೇಕು ಅಂತ ಕೂಗುದು."

ಮಾವ ಎದ್ದು ಒಳಗೆ ಹೋದ. ಪಾತ್ರೆಗಳು ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಎಡಗೈಯಲ್ಲಿ ಚಾ ಲೋಟ ಹಿಡಿದು, ಅರ್ಧ ನೆಲಕ್ಕೆ ಚೆಲ್ಲುತ್ತ ಬಂದು ಅವಳ ಪಕ್ಕದಲ್ಲಿಟ್ಟ.

"ಸಕ್ಕರೆ ಸಾಕಾ?" ಎಂದು ಮೆಲ್ಲನೆ ಕೇಳಿದ.

ಅತ್ತೆ ತಟ್ಟೆಯಿಂದ ಬೆರಳು ತೆಗೆಯದೆ ಒಂದು ಗುಟುಕು ಕುಡಿದು, ಸಾಕು ಎಂದು ತಲೆಯಾಡಿಸಿದಳು.

ಆ ಚಾಕ್ಕೆ ಮಾವ ಸಕ್ಕರೆಯನ್ನೇ ಹಾಕಿರಲಿಲ್ಲ ಎಂದು ಅವಳು ನನಗೆ ಹೇಳಿದ್ದು ಮಾವ ತೀರಿಕೊಂಡ ಮೇಲೆ.