ಆರು ಸನ್ನೆ, ಮೇಲೆ ನನ್ನದೊಂದು

ಯಾರಾದರೂ ಹೇಳಿದ್ದು ನನ್ನ ತಲೆಗೆ ಬೇಗ ಹೋಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನಾಗಿ ಒಪ್ಪದಿದ್ದರೆ ನನ್ನ ಹೆಂಡತಿ ವಾರಿಜ ಒಪ್ಪಿಸದೆ ಬಿಡುವವಳಲ್ಲ. ಆದರೆ ಬಾಯಿಬಿಟ್ಟು ಹೇಳದೇ ಇರುವುದನ್ನು ತಿಳಿದುಕೊಳ್ಳುವುದರಲ್ಲಿ ನಾನು ಯಾರಿಗೂ ಕಡಿಮೆಯಲ್ಲ. ಮಾಟುಂಗದ ಒಂದು ಉಡುಪಿ ಹೋಟೆಲಿಗೆ ಸಪ್ಲೈಯರ್ ಆಗಿ ಸೇರಿ ಮ್ಯಾನೇಜರ್ ಆಗಿ ಹೊರಬಂದವನು ನಾನು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಲ್ಲಿ ಕಿವಿ ಇದ್ದೂ ಪ್ರಯೋಜನವಿಲ್ಲ. ಪಾತ್ರೆಯ ಸದ್ದು, ಗಿರಾಕಿಗಳ ಗಲಾಟೆ, ಹೊರಗೆ ಟ್ಯಾಕ್ಸಿಯ ಹಾರನ್ನು. ಹಾಗಾಗಿ ನಮ್ಮ ವ್ಯವಹಾರವೆಲ್ಲ ಕೈಯಲ್ಲೇ. ಎರಡು ಬೆರಳೆತ್ತಿದರೆ ಎರಡು ಊಟ, ಹೆಬ್ಬೆರಳು ಬಾಯಿಯ ಹತ್ತಿರ ಹೋದರೆ ನೀರು. ಇವೆಲ್ಲಕ್ಕಿಂತ ನಾಜೂಕಾದ ಸನ್ನೆ ಇನ್ನೊಂದಿತ್ತು. ಉಂಡು ಮುಗಿಸಿದ ಗಿರಾಕಿ ಹರಟುತ್ತ ಕೂತಿರುತ್ತಾನೆ, ಅವನ ಕುರ್ಚಿಯ ಹಿಂದೆ ನಾಲ್ಕು ಜನ ಹಸಿದುಕೊಂಡು ನಿಂತಿರುತ್ತಾರೆ. ಏಳಿ ಎಂದು ಹೇಳಿದರೆ ಮರ್ಯಾದೆಯಲ್ಲ. ನಾನು ಸಪ್ಲೈಯರಿಗೆ ಕಾಣುವಂತೆ ಅಂಗೈ ಕೆಳಗೆ ಮಾಡಿ ಒಂದು ಸುತ್ತು ತಿರುಗಿಸುತ್ತಿದ್ದೆ. ಅವನು ಬಟ್ಟೆ ತಂದು ಗಿರಾಕಿಯ ಮೊಣಕೈಯ ಸುತ್ತಲೂ ಟೇಬಲ್ ಒರೆಸತೊಡಗುತ್ತಿದ್ದ. ಗಿರಾಕಿ ತಾನಾಗಿಯೇ ಎದ್ದು ವಾಶ್ ಬೇಸಿನ್ನಿನ ಕಡೆ ಹೋಗುತ್ತಿದ್ದ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನಮ್ಮ ಭಾಂಡುಪ್ಪಿನ ಮನೆಯ ಫ್ರಿಜ್ಜಿನ ಮೇಲೆ ಸೊಸೆ ಸ್ನೇಹಾ ಒಂದು ದಿನ ಚಾರ್ಟು ಅಂಟಿಸಿದಳು. ಹಾಲು, ನೀರು, ಊಟ, ನಿದ್ದೆ, ಇನ್ನೂ ಬೇಕು, ಸಾಕು. ಒಟ್ಟು ಆರು ಸನ್ನೆ. ಹತ್ತು ತಿಂಗಳ ನನ್ನ ಮೊಮ್ಮಗಳು ಚಿನ್ನುವಿಗೆ ಕಲಿಸಲಿಕ್ಕೆ.

"ಪಪ್ಪಾ, ಮಾತಾಡ್ಲಿಕ್ಕೆ ಟೈಮ್ ಲಗ್ತಾ ಹೈ ನಾ, ಆದ್ರೆ ಕೈ ಮೊದಲೇ ರೆಡಿ ಇರ್ತದೆ" ಎಂದಳು ಸ್ನೇಹಾ. ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ ಆದ್ದರಿಂದ ಅವಳ ಕನ್ನಡ ಹೀಗೆ ನಡುನಡುವೆ ಗಾಡಿ ಬದಲಿಸುತ್ತದೆ. ರಜೆ ಮುಗಿಸಿ ಅವಳು ಅಂಧೇರಿಯ ಆಫೀಸಿಗೆ ಹೋಗಬೇಕಿತ್ತು. ವಾರಿಜಳ ಮೊಣಕಾಲು ಮಗುವನ್ನು ಎತ್ತಿಕೊಳ್ಳಲು ಬಿಡುವುದಿಲ್ಲ. ಮಗನಿಗೂ ರಾತ್ರಿಯವರೆಗೆ ಕೆಲಸ. ಉಳಿದವನು ನಾನೊಬ್ಬ. "ಒಂದು ದಿನ ಟ್ರಯಲ್ ನೋಡುವ. ಮಗು ಕೇಳಿದ್ದು ನಿಮ್ಗೆ ಸಮಝಾದ್ರೆ ಓಕೆ, ನಹೀಂ ತೋ ಪಾಳಣಾಘರ್" ಎಂದಳು. ಪಾಳಣಾಘರ್ ಎಂದರೆ ಪಕ್ಕದ ಬಿಲ್ಡಿಂಗಿನಲ್ಲಿ ಹಗಲು ಮಕ್ಕಳನ್ನು ನೋಡಿಕೊಳ್ಳುವ ಜಾಗ.

"ಇಷ್ಟು ವರ್ಷ ನಾನು ಬಾಯಿಬಿಟ್ಟು ಹೇಳಿದ್ದೇ ಇವರಿಗೆ ಅರ್ಥ ಆಗ್ಲಿಲ್ಲ ಮಾರಾಯ್ತಿ, ಇನ್ನು ಮಗು ಕೈಯಲ್ಲಿ ಹೇಳಿದ್ದು ಆಗ್ತದಾ?" ಎಂದಳು ವಾರಿಜ.

ನಾನು ಪಟ್ಟು ಹಿಡಿದೆ. ಕಾರಣ ಹೇಳಿಬಿಡುತ್ತೇನೆ. ನನ್ನ ಮಗ ಮೊದಲು ಆಡಿದ ಮಾತು ಯಾವುದೆಂದು ನನಗೆ ಗೊತ್ತಿಲ್ಲ. ಬೆಳಗಿನ ಇಡ್ಲಿ ಬೇಯುವ ಮೊದಲೇ ನಾನು ಹೋಟೆಲಿನಲ್ಲಿರಬೇಕಿತ್ತು. ಅವನು ಏಳುವಾಗ ನಾನಿರುತ್ತಿರಲಿಲ್ಲ, ನಾನು ಬರುವಾಗ ಅವನು ಎದ್ದಿರುತ್ತಿರಲಿಲ್ಲ. ಈಗ ಮೊಮ್ಮಗಳು ಹಿಂದಿಯಲ್ಲಿ ಮಾತಾಡುತ್ತಾಳೋ ಇಂಗ್ಲಿಷಿನಲ್ಲೋ, ಅವಳ ಮೊದಲ ಮಾತು ಕೈಯಲ್ಲಿ ಬರುವುದಾದರೆ ಅದು ನನ್ನ ಎದುರಿಗೇ ಬರಬೇಕು, ಪಾಳಣಾಘರದಲ್ಲಲ್ಲ.

ಅಭ್ಯಾಸ ಶುರುವಾಯಿತು. ಹಾಲಿನ ಸನ್ನೆ ಎಂದರೆ ಮುಷ್ಟಿಯನ್ನು ಬಿಡಿಸಿ ಮುಚ್ಚುವುದು, ಆಕಳ ಮೊಲೆ ಹಿಂಡಿದ ಹಾಗೆ. ಹಳೆಯ ಸ್ನೇಹಿತರನ್ನು ನೋಡಲು ಮಾಟುಂಗಕ್ಕೆ ಹೋಗುವಾಗ ಲೋಕಲ್ ಟ್ರೇನಿನಲ್ಲೂ ಬಿಡಲಿಲ್ಲ. ಎದುರು ಕೂತಿದ್ದ ಮರಾಠಿಯೊಬ್ಬರು ಗಾಬರಿಯಿಂದ, "ಕಾಕಾ, ಹಾತ್ ದುಖ್ತೋಯ್ ಕಾ?" ಎಂದು ಕೇಳಿ, ಕೈ ನೋಯುತ್ತಿದೆಯೆಂದು ತಾವೇ ತೀರ್ಮಾನಿಸಿ ಘಾಟ್ಕೋಪರಿನವರೆಗೂ ಒತ್ತಿಕೊಟ್ಟರು. ಹಿತವಾಗಿದ್ದರಿಂದ ನಾನೂ ಬೇಡ ಎನ್ನಲಿಲ್ಲ.

ಚಿನ್ನು ಮಾತ್ರ ನನ್ನ ಕೈಯನ್ನು ಗೋಡೆಯ ಹಲ್ಲಿಯನ್ನು ನೋಡುವಂತೆ ನೋಡುತ್ತಿದ್ದಳೇ ಹೊರತು ತನ್ನ ಕೈ ಎತ್ತಲಿಲ್ಲ. ಮೂರು ವಾರವಾಯಿತು. ಪ್ರತಿ ಊಟಕ್ಕೂ ಆರೂ ಸನ್ನೆ ಮಾಡುತ್ತಿದ್ದೆ. ಮಗು ಉಂಡದ್ದಾದ ಮೇಲೆ ಒರೆಸುವ ಬಟ್ಟೆಗಾಗಿ ವಾರಿಜಳ ಕಡೆ ತಿರುಗುತ್ತಿದ್ದೆ. "ಅಂಗೈ ತಿರುಗಿಸಿದ್ರೆ ಓಡಿ ಬರ್ಲಿಕ್ಕೆ ಇದು ನಿಮ್ಮ ಹೋಟೆಲಲ್ಲ" ಎಂದು ಅವಳು ಬಟ್ಟೆಯನ್ನು ಎಸೆಯುತ್ತಿದ್ದಳು. ನಾನು ಅಂಗೈ ತಿರುಗಿಸಿದ್ದು ನನಗೇ ಗೊತ್ತಿರುತ್ತಿರಲಿಲ್ಲ.

ಟ್ರಯಲ್ ದಿನ ಬಂತು. ಅತ್ತೆ ಬಾಯಿ ಹಾಕಬಾರದು ಎಂದು ಕಟ್ಟಪ್ಪಣೆ ಮಾಡಿ ಸ್ನೇಹಾ ಅಂಧೇರಿಗೆ ಹೊರಟಳು. ಮಧ್ಯಾಹ್ನದವರೆಗೆ ತೊಂದರೆಯಿರಲಿಲ್ಲ. ಎತ್ತರದ ಕುರ್ಚಿಯಲ್ಲಿ ಕೂರಿಸಿ ರಾಗಿ ಮಣ್ಣಿ ತಿನ್ನಿಸುತ್ತಿದ್ದೆ. ಅರ್ಧ ಬಟ್ಟಲಿಗೆ ಚಿನ್ನು ಅಳಲು ಶುರುಮಾಡಿದಳು. ಹಾಲು? ಮುಷ್ಟಿ ಹಿಂಡಿದೆ. ನೀರು? ನಿದ್ದೆ? ಇನ್ನೂ ಬೇಕಾ? ನನ್ನ ಸನ್ನೆ ಹೆಚ್ಚಿದಷ್ಟೂ ಅವಳ ಅಳು ಏರಿತು. ಪಕ್ಕದ ಮನೆಯವರು ಬಾಗಿಲು ತೆರೆದದ್ದು ಕೇಳಿಸಿತು. ಪಾಳಣಾಘರ ಕಣ್ಣಮುಂದೆ ಬಂತು. ಕೈಸೋತು ಸುಮ್ಮನೆ ಕೂತೆ.

ಆಗ ಚಿನ್ನು ಅಳುತ್ತಲೇ ಕೈಯನ್ನು ಕುರ್ಚಿಯ ಹಲಗೆಯ ಮೇಲಿಟ್ಟು ಒಂದು ಸುತ್ತು ತಿರುಗಿಸಿದಳು. ನನ್ನ ಮುಖ ನೋಡಿ ಇನ್ನೊಂದು ಸುತ್ತು. ನಾನು ಪೆಚ್ಚಾಗಿ ನೋಡುತ್ತಲೇ ಇದ್ದೆ.

ಅಪ್ಪಣೆ ಮೀರಿ ವಾರಿಜ ಬಾಯಿಬಿಟ್ಟಳು: "ಎಂತ ನೋಡ್ತೀರಿ? ಮುಗೀತು, ಟೇಬಲ್ ಒರೆಸಿ ಅಂತ ಹೇಳ್ತಾ ಉಂಟು ಮಗು!"

ಹಲಗೆ ಒರೆಸಿ ಎತ್ತಿಕೊಂಡೆ. ಅಳು ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು, ಬಂದರೆ ಬರಲಿ ಎಂದು ಬಿಟ್ಟೆ. ಮೊಮ್ಮಗಳ ಮೊದಲ ಮಾತು ನನ್ನ ಎದುರಿಗೇ ಬಂದಿತ್ತು, ಅದೂ ನಮ್ಮ ಹೋಟೆಲಿನ ಭಾಷೆಯಲ್ಲಿ.

ಸಂಜೆ ಸ್ನೇಹಾ ಬಂದಾಗ ವಾರಿಜಳೇ ಸಾಕ್ಷಿ ಹೇಳಿದಳು. "ಯೇ ತೋ ಚಾರ್ಟಿನಲ್ಲಿ ಇಲ್ಲ ಪಪ್ಪಾ!" ಎಂದು ಸೊಸೆ ನಕ್ಕಳು. "ಚಲೇಗಾ. ಪಾಳಣಾಘರ್ ಕ್ಯಾನ್ಸಲ್." ಮಗುವನ್ನು ಮಡಿಲಿಗೆ ಎಳೆದುಕೊಂಡು ಸೋಫಾದಲ್ಲಿ ಕೂತಳು. ನಾನೂ ಪಕ್ಕದಲ್ಲೇ ಕೂತು, ಆದದ್ದನ್ನು ಮೊದಲಿನಿಂದ ಹೇಳತೊಡಗಿದೆ. ಮೊದಲು ಎಂದರೆ ನಾನು ಮಾಟುಂಗದಲ್ಲಿ ಸಪ್ಲೈಯರ್ ಆಗಿ ಸೇರಿದ ದಿನದಿಂದ. ಸ್ನೇಹಾ ಇನ್ನೂ ಚಹಾ ಕುಡಿದಿರಲಿಲ್ಲ. ಇಡೀ ದಿನ ಅಮ್ಮನನ್ನು ಕಾಣದಿದ್ದ ಚಿನ್ನು ಅವಳ ಮುಖವನ್ನು ತನ್ನ ಕಡೆ ತಿರುಗಿಸಲು ನೋಡಿದಳು. ಸೊಸೆ ಮರ್ಯಾದೆಗೆ ನನ್ನ ಮಾತಿಗೇ ತಲೆಯಾಡಿಸುತ್ತಿದ್ದಳು. ನಾನಿನ್ನೂ ಸಪ್ಲೈಯರುಗಳ ಮೇಲೆ ಕ್ಯಾಪ್ಟನ್ ಆದ ವರ್ಷಕ್ಕೆ ಬಂದಿದ್ದೆ.

ಚಿನ್ನು ನನ್ನನ್ನೊಮ್ಮೆ ನೋಡಿದಳು. ನಮ್ಮಿಬ್ಬರ ನಡುವೆ ಸೋಫಾದ ಮೇಲೆ ಪುಟ್ಟ ಅಂಗೈ ಇಟ್ಟು ಒಂದು ಸುತ್ತು ತಿರುಗಿಸಿದಳು.

ನಾನು ಎದ್ದೆ. ಎದ್ದವನು ನೇರವಾಗಿ ವಾಶ್ ಬೇಸಿನ್ನಿಗೆ ಹೋಗಿ ಕೈಯನ್ನೂ ತೊಳೆದುಕೊಂಡೆ.