ಮೈಲುತುತ್ತದವರು ಹೊತ್ತು ತಂದ ನೀರು

ಯೆವ್ಲೆ ಪಟ್ಟಣದ ವಯಸ್ಕರ ಶಾಲೆಯ ಪ್ರಯೋಗಶಾಲೆಯಲ್ಲಿ, ಕಿಟಕಿ ಪಕ್ಕದ ಕಪಾಟಿನ ಗಾಜಿನ ಬಾಟಲಿಯಲ್ಲಿ ಸುಖವಾಗಿ ನೆಲೆಸಿರುವ ನೀಲವರ್ಣದ ಮಹಾಶಯರಾದ ಮೈಲುತುತ್ತ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಹರಳುಗಳ ಹೊಳಪು ಎಂದಿನಂತೆಯೇ ಇದೆಯೆಂದು ನಂಬಿ, ಹಗಲು ಬೇಕರಿಯಲ್ಲಿ ಹಿಟ್ಟು ನಾದಿ ಸಂಜೆ ರಸಾಯನಶಾಸ್ತ್ರ ಓದುವ ನಾನು ಈ ದೂರನ್ನು ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ. ಔಷಧಾಲಯದ ತರಬೇತಿಗೆ ಸೇರಲು ಈ ಒಂದು ವಿಷಯದಲ್ಲಿ ನಾನು ಪಾಸಾಗಲೇಬೇಕು. ಇಲ್ಲವಾದರೆ ಮತ್ತೆ ಒಲೆಯ ಮುಂದೆಯೇ ಗತಿ.

ಮೊನ್ನೆಯ ಪರೀಕ್ಷೆಯಲ್ಲಿ ಕೇಳಿದ್ದು ಇಷ್ಟೇ: ತಮ್ಮನ್ನು ಒಂದು ಮೋಲಿನ, ಅಂದರೆ ಕಣಗಳನ್ನು ಎಣಿಸುವ ಡಜನ್ನಿನಂಥ ಅಳತೆಯ, ಹತ್ತನೇ ಒಂದು ಪಾಲು ತೂಗಿ, ಕರಗಿಸಿ, ಸತುವಿನ ಪುಡಿ ಹಾಕಿ, ತಮ್ಮೊಳಗಿನ ತಾಮ್ರವನ್ನು ಹೊರತೆಗೆಯಬೇಕು. ನಾನು ತಾಮ್ರ, ಗಂಧಕ, ಆಮ್ಲಜನಕಗಳ ತೂಕವನ್ನು ಕೋಷ್ಟಕದಲ್ಲಿ ನೋಡಿ ಕೂಡಿದೆ. ಮೋಲಿಗೆ ನೂರ ಅರವತ್ತು ಗ್ರಾಂ ಬಂತು. ಹತ್ತರಿಂದ ಭಾಗಿಸಿ ಹದಿನಾರು ಗ್ರಾಂ ತೂಗಿದೆ. ಲೆಕ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೂ ಆರು ಗ್ರಾಂ ಮಿಕ್ಕಿ ಬರಬೇಕಿದ್ದ ತಾಮ್ರ, ಒಣಗಿಸಿ ತೂಗಿದರೆ, ನಾಲ್ಕೇ ಗ್ರಾಂ. ಪಕ್ಕದ ಮೇಜಿನ ಯೆರ್ಡಾ ಎಲ್ಲರೆದುರಿಗೇ, "ಉಳಿದಿದ್ದನ್ನ ಏಲಕ್ಕಿ ಬನ್ನೊಳಗೆ ಸೇರಿಸ್ಕೊಂಡು ತಿಂದ್ಬಿಟ್ಯೇನೇ?" ಎಂದಳು.

ಆಮೇಲೆ ತಿಳಿಯಿತು, ತಾವು ಒಬ್ಬರೇ ಬಂದಿರಲಿಲ್ಲ. ನಮ್ಮೂರಲ್ಲಿ ಕಾಫಿಗೆ ಒಬ್ಬರನ್ನು ಕರೆದರೆ ಒಬ್ಬರೇ ಬರುತ್ತಾರೆ. ತಾವಾದರೋ ಒಂದೊಂದು ತಾಮ್ರದ ಕಣಕ್ಕೆ ಐದೈದು ನೀರಿನ ಕಣಗಳನ್ನು ಕಟ್ಟಿಕೊಂಡು, ಮುಟ್ಟಿದರೆ ಕಲ್ಲುಸಕ್ಕರೆಯಂತೆ ಒಣಒಣಗಿದ್ದು, ಮುಖದಲ್ಲಿ ಒಂದು ಹನಿಯನ್ನೂ ತೋರಿಸದೆ ತಕ್ಕಡಿ ಹತ್ತಿದಿರಿ. ಪರಿವಾರ ಸಮೇತ ತಮ್ಮ ಮೋಲಿನ ತೂಕ ಇನ್ನೂರೈವತ್ತಂತೆ! ನಾನು ತೂಗಬೇಕಿದ್ದದ್ದು ಇಪ್ಪತ್ತೈದು ಗ್ರಾಂ. ಇಂಥ ಗಾಂಭೀರ್ಯವನ್ನು ಮಂತ್ರಿಗಳಲ್ಲಿಯೂ ಕಂಡಿಲ್ಲ.

ನಮ್ಮ ಮೇಷ್ಟ್ರು ಸಿಕ್ಸ್ಟೆನ್ ತಮ್ಮ ಪರವಾಗಿಯೇ ನಿಂತರು. "ಐದು ನೀರು ಅಂತ ಬಾಟ್ಲಿ ಮೇಲೇ ಬರ್ದಿದೆಯಲ್ಲ, ಗುನ್ವೊರ್. ಬೇಕರೀಲಿ ಹಸಿ ಯೀಸ್ಟ್ ಬದ್ಲು ಒಣ ಯೀಸ್ಟ್ ಸಿಕ್ರೆ ಅಷ್ಟೇ ತೂಕ ಸುರೀತೀಯಾ?" ಸುರಿಯುವುದಿಲ್ಲ, ಸುರಿದರೆ ಹಿಟ್ಟು ಉಕ್ಕಿ ನೆಲಕ್ಕಿಳಿಯುತ್ತದೆ. ಆ ಲೆಕ್ಕವನ್ನು ಕಣ್ಣುಮುಚ್ಚಿಕೊಂಡು ಮಾಡುವ ನಾನು ಇಲ್ಲಿ ಕಣ್ಣು ಬಿಟ್ಟುಕೊಂಡೇ ಎಡವಿದೆ. ಆಮೇಲೆ ಅವರು ದನಿ ತಗ್ಗಿಸಿ, "ನಾಳೆ ಇದು ಯಾವ್ದೋ ಮಗೂಗೆ ಕೊಡೋ ಔಷಧಿ ಆಗಿದ್ರೆ?" ಎಂದರು. ನನಗೆ ನಿಜವಾಗಿ ಹೆದರಿಕೆಯಾಯಿತು.

ಆದ್ದರಿಂದ ವಿನಂತಿ: ಇನ್ನು ಮೇಲೆ ತಕ್ಕಡಿ ಹತ್ತುವ ಮುನ್ನ ತಾವು ನಮ್ಮವರ ಹಾಗೆ ಸೌನಾದ ಬಿಸಿ ಕೋಣೆಯಲ್ಲಿ ಬೆವರುತ್ತ ಕೂತು, ನೀಲಿ ಮೈ ಬೆಳ್ಳಗಾಗುವವರೆಗೆ ನೀರಿಳಿಸಿಕೊಂಡು ಬರಬೇಕು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ನನ್ನ ಹದಿನಾರು ಗ್ರಾಂ ಸರಿಹೋಗುವಂತೆ, ಜಗತ್ತಿನ ನೀರಿಗೆಲ್ಲ ತೂಕವೇ ಇಲ್ಲದಂತೆ ಒಂದು ಆಜ್ಞೆ ಹೊರಡಿಸಿದರೂ ಸಾಕು.

ತಮ್ಮನ್ನು ಚೆನ್ನಾಗಿ ಒಣಗಿಸಿದ ಮೇಲಷ್ಟೇ
ತಮ್ಮ ವಿಶ್ವಾಸಿ,
ಗುನ್ವೊರ್ ಹೆಡ್ಲುಂಡ್

ಮರೆತ ಮಾತು: ಗುರುವಾರ ಮರುಪರೀಕ್ಷೆ. ನಾನು ಪಾಸಾಗುತ್ತೇನೆ. ಔಷಧಾಲಯದ ಕಪಾಟುಗಳಲ್ಲಿ ತಮ್ಮಂಥ ಸಂಭಾವಿತರು ಬೇಕಾದಷ್ಟು ಜನರಿದ್ದಾರಂತೆ. ಜೊತೆಗೆ ಯಾರನ್ನು ಕರೆತಂದಿದ್ದೀರಿ ಎಂದು ಕೇಳದೆ, ಒಬ್ಬರನ್ನೂ ನಾನು ಮಗುವಿನ ಬಾಯಿಯ ಹತ್ತಿರ ಬಿಡುವುದಿಲ್ಲ.