ಒಂಬತ್ತನೇ ಸಲ ಸತ್ತವನು

ಹೆದರಿಕೆಯನ್ನು ಒಪ್ಪಿಕೊಳ್ಳುವುದಕ್ಕೆ ಗಂಡಸಿಗೆ ವಯಸ್ಸಾಗಬೇಕು. ನನಗೀಗ ಐವತ್ತೊಂದು, ಆದ್ದರಿಂದ ಹೇಳಿಯೇಬಿಡುತ್ತೇನೆ, ಸಿನಿಮಾದ ರಕ್ತ ಕಂಡರೆ ನನಗಾಗದು. ನಿಜವಾದ ರಕ್ತದ ಮಾತು ಬೇರೆ. ಕೊಳ್ಳೇಗಾಲದ ಸುತ್ತಿನ ಹಳ್ಳಿಗಳಿಗೆ ನಾನು ದನದ ಡಾಕ್ಟರು. ಭುಜದವರೆಗೆ ಕೈ ಹಾಕಿ ಅಡ್ಡ ತಿರುಗಿದ ಕರುವನ್ನು ಎಳೆದು, ಅದೇ ಕೈ ತೊಳೆದು ಉಪ್ಪಿಟ್ಟು ತಿಂದವನು. ಆದರೆ ಪರದೆಯ ಮೇಲೆ ಒಂದು ಲೋಟ ಕೆಂಪು ಬಣ್ಣ ಚೆಲ್ಲಿದರೆ ಸಾಕು, ಕಣ್ಣು ಮುಚ್ಚಿಕೊಂಡುಬಿಡುತ್ತೇನೆ.

ನಮ್ಮ ಅತ್ತೆ ಪುಟ್ಟಮಾದಮ್ಮ ಇದಕ್ಕೆ ತದ್ವಿರುದ್ಧ. ಶಾಗ್ಯದಲ್ಲಿ ಜಮೀನು ನೋಡಿಕೊಂಡಿರುವ ಅವರು ಕೋಳಿ ಕುಯ್ಯುವಾಗ ಹಿತ್ತಿಲಿಗೆ ಹೋಗಿಬಿಡುತ್ತಾರೆ. ಆದರೆ ಮುಖವಾಡ ಹಾಕಿ, ಕೊಡಲಿ ಹಿಡಿದು, ಕಾಲೇಜು ಹುಡುಗರನ್ನು ಅಟ್ಟಿಸಿಕೊಂಡು ಹೋಗುವ ಒಬ್ಬ ಇಂಗ್ಲಿಷ್ ಸಿನಿಮಾದ ಕೊಲೆಗಡುಕನೆಂದರೆ ಅವರಿಗೆ ಪ್ರಾಣ. ತಮಿಳು ಅವರಿಗೆ ಕನ್ನಡದಷ್ಟೇ ಸಲೀಸು. ಎಂಟು ಭಾಗಗಳನ್ನೂ ಟಿವಿಯಲ್ಲಿ ತಮಿಳು ಡಬ್ಬಿಂಗಿನಲ್ಲೇ ಮುಗಿಸಿದ್ದರು. ಅವರು ನಮ್ಮ ಮನೆಗೆ ಬಂದಿದ್ದ ವಾರವೇ, ಬಹಳ ವರ್ಷದ ಮೇಲೆ ತೆಗೆದ ಒಂಬತ್ತನೆಯ ಭಾಗ ಕೊಳ್ಳೇಗಾಲದ ಟಾಕೀಸಿಗೆ ಬರಬೇಕೆ!

"ಅಳಿಯಂದ್ರೇ, ಓಗ್ಬುಟ್ಟು ಬರಾಣ ನಡೀರಿ" ಎಂದರು. ನಾನು ಕೆಲಸದ ನೆಪ ಹುಡುಕುವಷ್ಟರಲ್ಲಿ ನನ್ನ ಹೆಂಡತಿ, "ಅವ್ರಿಗೇನಮ್ಮ ಭಯ? ದಿನಾ ಅದೇ ಕೆಲ್ಸ" ಎಂದು ನನ್ನ ಪರವಾಗಿ ಒಪ್ಪಿಯೇಬಿಟ್ಟಳು.

ಅತ್ತೆಯೂ ನಾನೂ ಇಬ್ಬರೇ ಮ್ಯಾಟಿನಿಗೆ ಹೋದರೆ ನನ್ನ ಪಕ್ಕದ ಸೀಟಿನಲ್ಲಿ ಮುಳ್ಳೂರಿನ ರೈತ ಸಿದ್ದಪ್ಪ. ಹಿಂದಿನ ದಿನವಷ್ಟೇ ಅವನ ಹಸುವಿನ ಕೆಚ್ಚಲ ಬಾವು ಕುಯ್ಯುವಾಗ ಅವನು ಮುಖ ತಿರುಗಿಸಿದ್ದಕ್ಕೆ, "ಗಂಡಸಾಗಿ ಇಷ್ಟಕ್ಕೆಲ್ಲ ಹೆದರಿದರೆ ಹೇಗಯ್ಯಾ?" ಎಂದು ಹತ್ತು ಜನರೆದುರು ಗದರಿದ್ದೆ. ಈಗ ಕಣ್ಣು ಮುಚ್ಚಿಕೊಳ್ಳುವುದಕ್ಕೂ ಮರ್ಯಾದೆಯ ಪ್ರಶ್ನೆ.

ಪರದೆಯ ಮೇಲೆ ಕೊಲೆಗಡುಕನಿಗೂ ವಯಸ್ಸಾಗಿತ್ತು. ಮೆಟ್ಟಿಲ ಮಧ್ಯೆ ನಿಂತು ಉಸಿರು ಸುಧಾರಿಸಿಕೊಳ್ಳುತ್ತಿದ್ದ. "ಪಾಪ, ಮಂಡಿನೋವು ಕಣ್ರಿ ಇವನ್ಗೆ" ಎಂದರು ಅತ್ತೆ. ತಪ್ಪಿಸಿಕೊಳ್ಳುತ್ತಿದ್ದ ಹುಡುಗಿ ಅಟ್ಟ ಹತ್ತಹೊರಟಾಗ ಮಾತ್ರ ಅವರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಅಟ್ಟ ಯಾಕವ್ವಾ ಅತ್ತೀಯೆ? ಎಂಟು ಸಲನೂ ಅಲ್ಲೇ ಸತ್ರಲ್ಲ! ಬಾಗ್ಲು ತೆಗ್ದು ಬೀದಿಗ್ ಓಡು!" ಎಂದು ಕೂಗಿದರು. ಇಡೀ ಟಾಕೀಸು ಶಿಳ್ಳೆ ಹೊಡೆಯಿತು.

ಮುಂದಿನದನ್ನು ನಾನು ನೋಡಲಿಲ್ಲ. ಕೊಡಲಿ ಬಿದ್ದ ಸದ್ದಿಗೆ ಕಣ್ಣು ಮುಚ್ಚಿ, ಕೈಗೆ ಸಿಕ್ಕಿದ್ದನ್ನು ತಬ್ಬಿಕೊಂಡು ಚೀರಿದೆ. ಸಿಕ್ಕಿದ್ದು ಸಿದ್ದಪ್ಪ. "ಏನೂ ಆಗಲ್ಲ ಸಾ, ಬರೀ ಬಣ್ಣ ಕಣ್ ಸಾ ಅದು" ಎನ್ನುತ್ತ, ಹಸುವನ್ನು ಸವರುವ ಹಾಗೆಯೇ ನನ್ನ ಬೆನ್ನು ಸವರಿದ. ಒಳ್ಳೆಯ ಕೈ, ಅದನ್ನು ಒಪ್ಪಲೇಬೇಕು.

ಕೊನೆಗೆ ಕೊಲೆಗಡುಕ ಸುಟ್ಟು ಬೂದಿಯಾದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಒಂಬತ್ ಸಲ ಸತ್ತ. ಒಬ್ರಾದ್ರೂ ತಿಥಿ ಮಾಡಿದ್ರಾ? ಅದ್ಕೇ ಎದ್ದೆದ್ದು ಬತ್ತನೆ."

ಮನೆ ಮುಟ್ಟಿದರೆ ಅತ್ತೆ ನನ್ನನ್ನು ಬಾಗಿಲಲ್ಲೇ ತಡೆದರು. "ಅಷ್ಟೊಂದು ಸಾವು ನೋಡ್ಕಂಡ್ ಬಂದೀವಿ. ತಲೆಗ್ ನೀರು ಹುಯ್ಕಳ್ದೆ ಒಳೀಕ್ ಬರ್ಬ್ಯಾಡಿ." ಹಿತ್ತಿಲಿನಿಂದ ಸುತ್ತಿ ಬಚ್ಚಲಿಗೆ ಹೋದೆ. ಕಣ್ಣಿಗೆ ಸೋಪು ಹೋಗುತ್ತಲೇ ಬೆನ್ನ ಹಿಂದೆ ಯಾರೋ ನಿಂತಂತಾಯಿತು.

"ಅತ್ತೇ, ಅಲ್ಲೇ ಇದ್ದೀರಾ?"

"ಇಲ್ಲೇ ಕುಂತಿವ್ನಿ ಅಳಿಯಂದ್ರೇ, ನಿಧಾನಕ್ಕೆ ಹುಯ್ಕಳಿ."

ಒಳಗೆ ಫೋನು ಬಡಿದುಕೊಂಡಿತು. ನನ್ನ ಹೆಂಡತಿಯ ದನಿ ಸ್ಪಷ್ಟವಾಗಿ ಕೇಳಿಸಿತು: "ಡಾಕ್ಟ್ರು ಸ್ನಾನ ಮಾಡ್ತಿದ್ದಾರೆ. ಇಲ್ಲ, ಹೆದರಿಕೆಯೇನಿಲ್ಲ, ಅಮ್ಮ ಬಾಗಿಲ ಹತ್ರಾನೇ ಕೂತಿದ್ದಾರೆ."

ಫೋನು ಮಾಡಿದವರು ಯಾರೆಂದು ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.